ಮಾವನ ಫೋನಿಗೆ ಕನ್ನಡ ಬಂದ ದಿನ

2011ರ ದೀಪಾವಳಿಗೆ ಸ್ವಲ್ಪ ಮುಂಚೆ ಮಾವ ತಿಪಟೂರಿನಿಂದ ಫೋನ್ ಮಾಡಿದರು. “ಶನಿವಾರ ಬರ್ತೀನಿ ಕಣೋ, ನಂಗೊಂದು ಟಚ್ ಫೋನ್ ಕೊಡಿಸು” ಅಂದರು. ಮಾವ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ರಿಟೈರ್ ಆದಮೇಲೆ ತೆಂಗಿನ ತೋಟ, ಪೇಪರ್ ಓದು, ಇವೆರಡೇ. ತೋಟದ ಮನೆಗೆ ಪೇಪರ್ ಬರುವಷ್ಟರಲ್ಲಿ ಹತ್ತು ಗಂಟೆ ದಾಟಿರುತ್ತಿತ್ತು. ಬೆಳಿಗ್ಗೆ ಕಾಫಿ ಹೊತ್ತಿಗೇ ಸುದ್ದಿ ಓದಬೇಕು ಅನ್ನೋದು ಅವರ ಆಸೆ. ಫೋನಿನಲ್ಲೇ ಪೇಪರ್ ಓದಬಹುದು ಅಂತ ಹಳೇ ವಿದ್ಯಾರ್ಥಿ ಯಾರೋ ಹೇಳಿದ್ದರಂತೆ.

ನನಗೂ ಖುಷಿಯಾಯಿತು. ಆಗೆಲ್ಲ ಮೊಬೈಲ್ ಅಂಗಡಿಗೆ ಹೋಗೋದೇ ಒಂದು ಸಂಭ್ರಮ. ಮೂರೇ ವರ್ಷದಲ್ಲಿ ಎಲ್ಲ ತಲೆಕೆಳಗಾಗಿತ್ತು. 2008ರ ಆಗಸ್ಟ್‌ನಲ್ಲಿ ಐಫೋನ್ 3ಜಿ ಭಾರತಕ್ಕೆ ಬಂದಾಗ 8 ಜಿಬಿಯದ್ದಕ್ಕೆ 31,000 ರೂಪಾಯಿ. ಅದೇ ಫೋನ್ ಅಮೆರಿಕದಲ್ಲಿ 199 ಡಾಲರ್ ಅಂತ ಕೇಳಿ ನಾವೆಲ್ಲ ಹೊಟ್ಟೆ ಉರಿದುಕೊಂಡಿದ್ದೆವು. ಅಲ್ಲಿ ಆಗ ಎರಡು ವರ್ಷದ ಕರಾರಿಗೆ ಸಹಿ ಹಾಕಬೇಕಿತ್ತು, ಫೋನಿನ ಬೆಲೆಯ ದೊಡ್ಡ ಪಾಲನ್ನು ಮೊಬೈಲ್ ಕಂಪನಿಯೇ ಹೊತ್ತುಕೊಂಡು ತಿಂಗಳ ಬಿಲ್ಲಿನಲ್ಲಿ ವಸೂಲಿ ಮಾಡುತ್ತಿತ್ತು. ನಮ್ಮಲ್ಲಿ ಫೋನೇ ಬೇರೆ, ಸಿಮ್ಮೇ ಬೇರೆ. ಹೆಚ್ಚಿನವರದು ಪ್ರೀಪೇಯ್ಡ್. ಹತ್ತು ರೂಪಾಯಿಗೂ ರೀಚಾರ್ಜ್ ಮಾಡಿಸಿಕೊಳ್ಳುವ ಗಿರಾಕಿಗೆ ಯಾವ ಕಂಪನಿ ತಾನೇ ಕಡಿಮೆ ಬೆಲೆಗೆ ಫೋನ್ ಕೊಡುತ್ತಿತ್ತು? ಇಲ್ಲಿ ಪೂರ್ತಿ ದುಡ್ಡು ಕೈಯಿಂದಲೇ ಹೋಗಬೇಕಿತ್ತು. ಹಾಗಾಗಿ ಸ್ಮಾರ್ಟ್‌ಫೋನ್ ಹರಡಬೇಕಾದರೆ ಫೋನೇ ಅಗ್ಗವಾಗದೆ ಬೇರೆ ದಾರಿ ಇರಲಿಲ್ಲ.

ಆ ದಾರಿ ಮಾಡಿಕೊಟ್ಟದ್ದು ಆ್ಯಂಡ್ರಾಯ್ಡ್. 2009ರಲ್ಲಿ ಎಚ್‌ಟಿಸಿ ಮ್ಯಾಜಿಕ್ ಇಲ್ಲಿಗೆ ಬಂದಾಗ ಅದೂ ಸುಮಾರು 30 ಸಾವಿರದ ಮಾಲೇ. ಆದರೆ ಆ್ಯಂಡ್ರಾಯ್ಡ್ ಬಳಸಲು ಫೋನ್ ತಯಾರಿಸುವವರು ಲೈಸೆನ್ಸ್ ದುಡ್ಡು ಕೊಡಬೇಕಿರಲಿಲ್ಲ. ಎರಡೇ ವರ್ಷದಲ್ಲಿ ಏಳು ಸಾವಿರ ಚಿಲ್ಲರೆಗೆ ಆ್ಯಂಡ್ರಾಯ್ಡ್ ಫೋನ್ ಸಿಗತೊಡಗಿತು. ಮೈಕ್ರೋಮ್ಯಾಕ್ಸ್, ಕಾರ್ಬನ್, ಲಾವಾ, ಸ್ಪೈಸ್ ಅಂತ ದಿನಕ್ಕೊಂದು ಹೆಸರು. ಕಾಲೇಜು ಹುಡುಗರ ಕೈಯಲ್ಲಿ ಬ್ಲ್ಯಾಕ್‌ಬೆರಿ, ಅದರ ಮೆಸೇಜ್ ಸೇವೆಯಾದ ಬಿಬಿಎಂಗೆ ಸೇರಿಸಿಕೊಳ್ಳಲು ‘ಪಿನ್ ಕೊಡು’ ಅನ್ನೋ ಮಾತು.

ಮೆಜೆಸ್ಟಿಕ್ ಹತ್ತಿರದ ಅಂಗಡಿಗೆ ಹೋದೆವು. ಗಾಜಿನ ಕಪಾಟಿನಲ್ಲಿ ಸಾಲಾಗಿ ಡಮ್ಮಿ ಪೀಸ್‌ಗಳು, ಅವುಗಳ ಪರದೆಯ ಮೇಲೆ ಅಂಟಿಸಿದ ಬಣ್ಣದ ಕಾಗದ. ಮಾವ ನೇರವಾಗಿ ನೋಕಿಯಾ ಕಡೆ ಬೆರಳು ಮಾಡಿದರು. ಅವರ ಹಳೇ ಫೋನ್ ನೋಕಿಯಾನೇ. ತೆಂಗಿನ ಮರದ ಬುಡದಲ್ಲಿ ಅದೆಷ್ಟು ಸಲ ಬಿದ್ದಿತ್ತೋ, ಇನ್ನೂ ಚೆನ್ನಾಗಿತ್ತು. ಅಂಗಡಿಯವರು ಒಳ್ಳೆಯವರು. “ಸಾರ್, ಕೊಡ್ತೀನಿ, ಬೇಡ ಅನ್ನಲ್ಲ. ಆದ್ರೆ ನೋಕಿಯಾದವರೇ ಸಿಂಬಿಯನ್ ಬಿಡ್ತಾ ಇದ್ದಾರೆ, ಮುಂದೆ ಹೊಸ ಆ್ಯಪ್ ಬರೋದು ಕಷ್ಟ” ಅಂದರು. ನಿಜವೇ. ಸಿಂಬಿಯನ್ ಅಂದರೆ ನೋಕಿಯಾದ ಸ್ಮಾರ್ಟ್‌ಫೋನುಗಳನ್ನು ನಡೆಸುತ್ತಿದ್ದ ತಂತ್ರಾಂಶ. ಅದೇ ವರ್ಷ ಫೆಬ್ರವರಿ 11ರಂದು ನೋಕಿಯಾದ ಮುಖ್ಯಸ್ಥ ಸ್ಟೀಫನ್ ಈಲಾಪ್, ಅದರ ಬದಲು ಇನ್ನು ಮುಂದೆ ನಮ್ಮದು ಮೈಕ್ರೋಸಾಫ್ಟ್‌ನ ವಿಂಡೋಸ್ ಫೋನ್ ಅಂತ ಸಾರಿದ್ದರು. ಊರೂರಿಗೆ ಮೊಬೈಲ್ ಮುಟ್ಟಿಸಿದ ಕಂಪನಿ ಕಣ್ಣೆದುರೇ ಹಿಂದೆ ಬೀಳೋದನ್ನು ನೋಡುವುದು ನನಗಂತೂ ಬೇಜಾರಿನ ಸಂಗತಿಯೇ.

ಮಾವ ವಿಜ್ಞಾನದ ಮೇಷ್ಟ್ರು ತಾನೇ, ಸುಮ್ನೆ ತಗೊಳ್ಳುವವರಲ್ಲ. ಎರಡು ಆ್ಯಂಡ್ರಾಯ್ಡ್ ಫೋನುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಒತ್ತಿ ನೋಡಿದರು. ಕಡಿಮೆ ಬೆಲೆಯದ್ದಕ್ಕೆ ಉಗುರಿನಿಂದ ಗಟ್ಟಿಯಾಗಿ ಒತ್ತಬೇಕಿತ್ತು. ಇನ್ನೊಂದು ಬೆರಳು ತಾಕಿದರೆ ಸಾಕು, ಸರಿಯುತ್ತಿತ್ತು. ಒಂದರಲ್ಲಿ ಎರಡು ಪದರ ಒಂದಕ್ಕೊಂದು ತಾಗಬೇಕು, ಇನ್ನೊಂದು ಚರ್ಮದ ವಿದ್ಯುತ್ ಗುಣವನ್ನೇ ಹಿಡಿಯುತ್ತದೆ ಅಂತ ಹೇಳಿದೆ. “ಅಂದ್ರೆ ಕೆಪ್ಯಾಸಿಟರ್ ಪಾಠ!” ಅಂತ ಮಾವನ ಮುಖ ಅರಳಿತು. ಆದರೆ ಗುದ್ದಲಿ ಹಿಡಿದು ದಡ್ಡುಗಟ್ಟಿದ ತೋರುಬೆರಳನ್ನು ಆ ಪರದೆ ಒಮ್ಮೊಮ್ಮೆ ಗುರುತಿಸುತ್ತಲೇ ಇರಲಿಲ್ಲ. ಉಂಗುರಬೆರಳಿನಲ್ಲಿ ಮುಟ್ಟಿದಾಗ ಸರಿಹೋಯಿತು. ಇವತ್ತಿಗೂ ಅವರು ಫೋನ್ ಮುಟ್ಟುವುದು ಉಂಗುರಬೆರಳಿನಲ್ಲೇ.

ದುಡ್ಡು ಕೊಟ್ಟೆವು. ಹುಡುಗನೊಬ್ಬ ಸ್ಕ್ರೀನ್ ಗಾರ್ಡ್ ಹಾಕಿ, ಹಳೇ ರೀಚಾರ್ಜ್ ಕಾರ್ಡಿನ ಅಂಚಿನಿಂದ ಗುಳ್ಳೆಗಳನ್ನೆಲ್ಲ ತಳ್ಳಿ ಕೊಟ್ಟ. ಮನೆಗೆ ಬಂದು ಸಿಮ್ ಹಾಕಿ, ಮಾವ ದಿನಾ ಓದುವ ಪೇಪರಿನ ವೆಬ್‌ಸೈಟ್ ತೆರೆದೆ. ಫೋಟೋಗಳೆಲ್ಲ ಬಂದವು. ಅಕ್ಷರ ಇರಬೇಕಾದ ಕಡೆಯೆಲ್ಲ ಬರೀ ಚೌಕಗಳು. ಮೇಲಿಂದ ಕೆಳಗಿನವರೆಗೂ ಸಣ್ಣ ಸಣ್ಣ ಖಾಲಿ ಡಬ್ಬಗಳು. ಕನ್ನಡ ವಿಕಿಪೀಡಿಯಾ ತೆರೆದೆ, ಅಲ್ಲೂ ಅದೇ.

ಮಾವ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಹಳೇ ನೋಕಿಯಾವನ್ನು ಜೇಬಿನಿಂದ ತೆಗೆದು ಹೊಸ ಫೋನಿನ ಪಕ್ಕ ಇಟ್ಟರು. ಅದರ ಮೆನು ಕನ್ನಡದಲ್ಲಿತ್ತು. “ಸಾವಿರದೈನೂರು ರೂಪಾಯಿ ಫೋನಿಗೆ ಕನ್ನಡ ಬರುತ್ತೆ. ಏಳು ಸಾವಿರದ್ದಕ್ಕೆ ಯಾಕೋ ಬರಲ್ಲ?” ಅಂದರು.

ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅದು ಇಡೀ ಆ ಕಾಲದ ಮಾರುಕಟ್ಟೆಗೇ ಕೇಳಬೇಕಿದ್ದ ಪ್ರಶ್ನೆ. ಸಾದಾ ಫೋನು ಮಾಡುವವರು ಹಳ್ಳಿಯ ಗಿರಾಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮೆನುವನ್ನು ನಮ್ಮ ಭಾಷೆಗೆ ತಂದಿದ್ದರು. ಸ್ಮಾರ್ಟ್‌ಫೋನ್ ಕೊಳ್ಳುವವನಿಗೆ ಹೇಗೂ ಇಂಗ್ಲಿಷ್ ಬರುತ್ತದೆ ಅಂತ ಅಂದುಕೊಂಡು ಅದನ್ನು ಮಾಡಿದ ಹಾಗಿತ್ತು. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಇಪ್ಪತ್ತು ವರ್ಷ ಆಗಿತ್ತು, ಅಲ್ವಾ?

ಕನ್ನಡದ ಫಾಂಟ್ ಒಂದನ್ನು ಫೋನಿಗೆ ತುರುಕಿದರೆ ಕೆಲಸ ಮುಗಿಯುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಫೋನ್ ರೂಟ್ ಮಾಡಿ, ಅಂದರೆ ಕಂಪನಿ ಹಾಕಿದ್ದ ಬೀಗ ತೆಗೆದು, ಫಾಂಟ್ ಹಾಕಿಕೊಂಡ ಗೆಳೆಯನೊಬ್ಬನಿದ್ದ. ಅವನ ಪರದೆಯಲ್ಲಿ ‘ಕರ್ನಾಟಕ’ ಅನ್ನೋದು ‘ಕರ್‌ನಾಟಕ’ ಆಗಿ ಬರುತ್ತಿತ್ತು. ಅರ್ಕಾವತ್ತು, ಒತ್ತಕ್ಷರ, ಗುಣಿತ ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂರಬೇಕಾದರೆ ಅವನ್ನು ಜೋಡಿಸುವ ತಂತ್ರಾಂಶ ಬೇರೆಯೇ ಬೇಕು. ಅಂದಿನ ಆ್ಯಂಡ್ರಾಯ್ಡ್ 2.3ರಲ್ಲಿ ಕನ್ನಡಕ್ಕೆ ಫಾಂಟೂ ಇರಲಿಲ್ಲ, ಆ ಜೋಡಣೆಯೂ ಇರಲಿಲ್ಲ. ಮಾವನಿಗೆ ಇದನ್ನೆಲ್ಲ ಹೇಳಿದೆ. ತಾಳ್ಮೆಯಿಂದ ಕೇಳಿದರು. “ಕಾರಣ ಗೊತ್ತಾಯ್ತು, ಔಷಧಿ ಹೇಳು” ಅಂದರು.

ಔಷಧಿ ಇತ್ತು. ಆಗಿನ ಕಾಲದಲ್ಲಿ ಮೊಬೈಲ್‌ನಲ್ಲಿ ಕನ್ನಡ ಓದುತ್ತಿದ್ದ ಎಷ್ಟೋ ಜನರಿಗೆ ಬಾಯಿಪಾಠವಾಗಿದ್ದ ಉಪಾಯ ಅದು. ಒಪೆರಾ ಮಿನಿ ಅನ್ನೋ ಬ್ರೌಸರ್ ಹಾಕಿಕೊಳ್ಳಬೇಕು. ಅಡ್ರೆಸ್ ಬಾರ್‌ನಲ್ಲಿರೋದನ್ನೆಲ್ಲ ಅಳಿಸಿ ‘ಒಪೆರಾ:ಕಾನ್ಫಿಗ್’ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಬೇಕು. ಒಂದು ಸಾದಾ ಪುಟ ತೆರೆದುಕೊಳ್ಳುತ್ತದೆ. ಕೆಳಗೆ ಹೋದರೆ ‘ಯೂಸ್ ಬಿಟ್‌ಮ್ಯಾಪ್ ಫಾಂಟ್ಸ್ ಫಾರ್ ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಅಂತ ಒಂದು ಸಾಲು. ಅದರ ಮುಂದೆ ‘ನೋ’ ಅಂತ ಇರುವುದನ್ನು ‘ಎಸ್’ ಮಾಡಿ ಸೇವ್ ಒತ್ತಬೇಕು. ಅಷ್ಟೇ.

ಒಪೆರಾ ನಾರ್ವೆ ದೇಶದ ಕಂಪನಿ. ಒಪೆರಾ ಮಿನಿಯಲ್ಲಿ ನಾವು ಕೇಳಿದ ಪುಟವನ್ನು ಮೊದಲು ಅವರ ಸರ್ವರ್ ತೆರೆದು, ಕುಗ್ಗಿಸಿ, ಆಮೇಲೆ ನಮ್ಮ ಫೋನಿಗೆ ಕಳಿಸುತ್ತಿತ್ತು. ಆ ಒಂದು ಸಾಲನ್ನು ‘ಎಸ್’ ಮಾಡಿದರೆ ಕನ್ನಡದ ಅಕ್ಷರಗಳನ್ನು ಅಲ್ಲೇ ಜೋಡಿಸಿ, ಚಿತ್ರ ಮಾಡಿ ಕಳಿಸುತ್ತಿತ್ತು. ಫೋನಿಗೆ ಕನ್ನಡ ಗೊತ್ತಿರಬೇಕಾಗಿಯೇ ಇಲ್ಲ. ಚಿತ್ರ ತೋರಿಸಿದರೆ ಸಾಕು.

ಪೇಪರಿನ ಪುಟವನ್ನು ಮತ್ತೆ ತೆರೆದೆ. ನಿಧಾನವಾಗಿ ಬಂತು. ಚೌಕಗಳ ಜಾಗದಲ್ಲಿ ಕನ್ನಡ! ಅಂಚುಗಳು ಸ್ವಲ್ಪ ಮಸುಕಾಗಿದ್ದವು, ಆದರೆ ಅರ್ಕಾವತ್ತು ಅರ್ಕಾವತ್ತಿನ ಜಾಗದಲ್ಲೇ ಇತ್ತು. ಮಾವ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಕೊಬ್ಬರಿ ಧಾರಣೆಯ ಸುದ್ದಿಯನ್ನು ಜೋರಾಗಿ ಓದತೊಡಗಿದರು. ಅಡುಗೆಮನೆಯಿಂದ ಅಮ್ಮ ಓಡಿ ಬಂದು, “ಏನಾಯ್ತೋ ಅಣ್ಣಂಗೆ?” ಅಂದಳು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ತಂತ್ರಜ್ಞಾನದ ವಿಷಯಕ್ಕೆ ನನಗೆ ಹಾಗಾದದ್ದು ಬೇರೆ ನೆನಪಿಲ್ಲ.

ತೊಂದರೆಗಳು ಇಲ್ಲದೆ ಇರಲಿಲ್ಲ. ಚಿತ್ರವಾದ್ದರಿಂದ ಪುಟ ಬರುವುದು ತಡ, ಡೇಟಾ ಜಾಸ್ತಿ. ಒಂದು ಸಾಲನ್ನು ಕಾಪಿ ಮಾಡಿ ಯಾರಿಗಾದರೂ ಕಳಿಸೋಣವೆಂದರೆ ಆಗದು. 2010ರಲ್ಲಿ 3ಜಿ ತರಂಗಾಂತರದ ಹರಾಜು 34 ದಿನ ನಡೆದು ಸರ್ಕಾರಕ್ಕೆ 67 ಸಾವಿರ ಕೋಟಿಗೂ ಹೆಚ್ಚು ಬಂದಿತ್ತು. ಏರ್‌ಟೆಲ್‌ನ 3ಜಿ ಬೆಂಗಳೂರಿಗೆ 2011ರ ಜನವರಿಯಲ್ಲೇ ಬಂದಿತ್ತು. ಆದರೆ ಮಾವನ ತೋಟದಲ್ಲಿ ಪರದೆಯ ಮೇಲೆ ಕಾಣುತ್ತಿದ್ದುದು ‘ಇ’ ಅನ್ನೋ ಅಕ್ಷರ ಮಾತ್ರ, ಅಂದರೆ 2ಜಿಯ ಎಡ್ಜ್. ಮನೆಯೊಳಗೆ ಅದೂ ಇಲ್ಲ. ಬಾವಿಕಟ್ಟೆ ಹತ್ತಿರ ನಿಂತು ಪುಟ ತೆರೆದು, ಒಳಗೆ ಬಂದು ಕಾಫಿ ಕುಡಿಯುತ್ತಾ ಓದುತ್ತಿದ್ದರಂತೆ. ಹೇಗೂ ಪೇಪರ್ ಬರುವ ಮೊದಲೇ ಸುದ್ದಿ ಸಿಗುತ್ತಿತ್ತಲ್ಲ, ಅವರಿಗೆ ಅಷ್ಟೇ ಸಾಕಿತ್ತು.

ಆಮೇಲೆ ಅವರು ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. ಆ ಉಪಾಯವನ್ನು ಹಂತ ಹಂತವಾಗಿ ಕನ್ನಡದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರು. ಟೈಪ್ ಮಾಡಬೇಕಾದ ಇಂಗ್ಲಿಷ್ ಅಕ್ಷರಗಳನ್ನು ಕೆಂಪು ಇಂಕಿನಲ್ಲಿ, ದೊಡ್ಡದಾಗಿ. ಊರಿನಲ್ಲಿ ಯಾರು ಹೊಸ ಫೋನ್ ತಂದರೂ ಮೇಷ್ಟ್ರ ಮನೆಗೆ ಹೋಗಿ ಕನ್ನಡ ಹಾಕಿಸಿಕೊಂಡು ಬರೋದು ರೂಢಿಯಾಯಿತು. ಅಂಗಡಿಯವರು ಮಾರಿದ್ದನ್ನು ಮಾವ ಬಳಸುವ ಹಾಗೆ ಮಾಡಿಕೊಟ್ಟರು. ಆ ದಿನಗಳಲ್ಲಿ ಎಷ್ಟೋ ಊರುಗಳಲ್ಲಿ ಇಂಥವರು ಇದ್ದಿರಬೇಕು. ಸ್ಮಾರ್ಟ್‌ಫೋನ್ ಹರಡಿದ ಕಥೆ ಹೇಳುವಾಗ ಕಂಪನಿಗಳ ಹೆಸರು ಬರುತ್ತದೆ, ಇವರು ಬರುವುದಿಲ್ಲ. ಬರಬೇಕು ಅಂತ ನನ್ನ ಅನಿಸಿಕೆ.

2012ರ ಜುಲೈನಲ್ಲಿ ಆ್ಯಂಡ್ರಾಯ್ಡ್ 4.1 ಬಂತು. ಕನ್ನಡ, ತೆಲುಗು, ಮಲಯಾಳಂ ಮೂರಕ್ಕೂ ಅದರಲ್ಲಿ ಜಾಗ ಸಿಕ್ಕಿತು. ಅದು ನಮ್ಮ ಕೈಗೆಟುಕುವ ಬೆಲೆಯ ಫೋನುಗಳಿಗೆ ಇಳಿಯಲು ಇನ್ನೂ ಸ್ವಲ್ಪ ಕಾಲ ಹಿಡಿಯಿತು. ಮಾವ ಎರಡನೇ ಫೋನ್ ತಗೊಂಡಾಗ ಅಂಗಡಿಯಲ್ಲೇ ಪೇಪರಿನ ಪುಟ ತೆರೆಸಿ, ಅಕ್ಷರ ನೋಡಿಯೇ ಬೆಲೆ ಕೇಳಿದರು. ಕನ್ನಡದ ಕೀಬೋರ್ಡನ್ನೂ ಹಾಕಿಸಿಕೊಂಡರು. ಮಾರನೇ ದಿನ ಅವರಿಂದ ಮೆಸೇಜ್ ಬಂತು: “ಗುರುವಾರ ಬರ್ತೀನಿ. ಎಳನೀರು ತರಲೋ, ಕಾಯಿ ತರಲೋ?” ‘ಎರಡೂ ತನ್ನಿ ಮಾವ’ ಅಂತ ನಾನೂ ಕನ್ನಡದಲ್ಲೇ ಬರೆದು ಕಳಿಸಿದೆ.