ಸಿಪ್ಪೆ ಎದ್ದ ತುಟಿಗೆ ಎರಡು ಚಮಚ ಸಕ್ಕರೆ

ಜನವರಿ 12, 2025, ಭಾನುವಾರ

ಒಂದು ವಾರದಿಂದ ಬರೀ ಒಣ ಗಾಳಿ. ಬೆಳಿಗ್ಗೆ ಎದ್ದು ಆಕಳಿಸಿದರೆ ಸಾಕು, ಕೆಳತುಟಿಯ ನಡುವೆ ಚುರ್ರೆನ್ನುತ್ತದೆ. ಲಿಪ್‌ಸ್ಟಿಕ್ ಹಚ್ಚಿದರೆ ಅದು ತುಟಿಯ ಮೇಲೆ ಕೂರುವುದೇ ಇಲ್ಲ, ಎದ್ದಿರುವ ಸಿಪ್ಪೆಗಳ ಅಂಚಿಗೆ ಮೆತ್ತಿಕೊಂಡು ಇನ್ನೂ ಕೆಟ್ಟದಾಗಿ ಕಾಣುತ್ತದೆ. ಇವತ್ತು ಪುರುಸೊತ್ತಿತ್ತು, ಲಿಪ್ ಸ್ಕ್ರಬ್ ಮಾಡಿಕೊಂಡೆ.

ಹೇಳಿಕೊಳ್ಳುವಂಥ ದೊಡ್ಡ ಕೆಲಸವೇನಲ್ಲ. ಎರಡು ಸಣ್ಣ ಚಮಚ ಸಕ್ಕರೆ, ಒಂದು ಸಣ್ಣ ಚಮಚ ಕೊಬ್ಬರಿ ಎಣ್ಣೆ, ಬೆರಳ ತುದಿಯಷ್ಟು ಜೇನುತುಪ್ಪ. ಅಷ್ಟೇ. ಆದರೂ ಬರೆದಿಡೋಣ ಅನ್ನಿಸಿತು. ಯಾಕಂದರೆ ಲಿಪ್ ಸ್ಕ್ರಬ್ ಅಂತ ಹುಡುಕಿದರೆ ಸಿಗುವ ವಿಡಿಯೋಗಳಲ್ಲಿ ನಿಂಬೆರಸ, ಅಡುಗೆ ಸೋಡಾ, ಉಪ್ಪು, ದಾಲ್ಚಿನ್ನಿ ಪುಡಿ, ಟೂತ್‌ಪೇಸ್ಟ್, ಗಟ್ಟಿ ಬ್ರಷ್ಷು, ಏನುಂಟು ಏನಿಲ್ಲ! ಉಜ್ಜಬೇಕಾಗಿರುವುದು ತುಟಿಯನ್ನೋ, ತಳ ಹಿಡಿದ ಪಾತ್ರೆಯನ್ನೋ ಅಂತ ಅನುಮಾನ ಬರುತ್ತದೆ.

ನನ್ನ ಪ್ರಕಾರ ಸ್ಕ್ರಬ್‌ಗೆ ಇರುವುದು ಒಂದೇ ಒಂದು ಚಿಕ್ಕ ಕೆಲಸ. ಆಗಲೇ ಸಡಿಲವಾಗಿ, ಬಿದ್ದುಹೋಗಲು ಕಾಯುತ್ತಿರುವ ಸಿಪ್ಪೆಯನ್ನು ಎಬ್ಬಿಸಿ ತೆಗೆಯುವುದು. ಒಣಗಿದ ತುಟಿಯನ್ನು ಅದು ವಾಸಿ ಮಾಡುವುದಿಲ್ಲ. ವಾಸಿ ಮಾಡುವುದು ಆಮೇಲೆ ಹಚ್ಚುವ ಬಾಮ್, ಮತ್ತೆ ನಾವು ಬಿಡಬೇಕಾದ ಒಂದೆರಡು ಅಭ್ಯಾಸ. ಇಷ್ಟು ತಲೆಯಲ್ಲಿದ್ದರೆ ಯಾವುದನ್ನು ಹಾಕಬೇಕು, ಯಾವುದನ್ನು ಬಿಡಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ತುಟಿಯ ಚರ್ಮವೇ ಬೇರೆ ಥರ, ಅದನ್ನು ಮೊದಲು ಹೇಳಬೇಕು. ಕೆನ್ನೆಯ ಮೇಲಿನ ಚರ್ಮಕ್ಕೆ ಹೊರಗಡೆ ಸತ್ತ ಜೀವಕೋಶಗಳ ದಪ್ಪ ಹೊದಿಕೆ ಇರುತ್ತದೆ, ತುಟಿಯ ಮೇಲೆ ಆ ಹೊದಿಕೆ ತುಂಬಾ ತೆಳು. ಒಳಗಿನ ರಕ್ತನಾಳಗಳ ಬಣ್ಣ ಹೊರಗೆ ಕಾಣುವುದೂ ಅದಕ್ಕೇ. ಅಲ್ಲಿ ಬೆವರಿನ ಗ್ರಂಥಿ ಇಲ್ಲ, ಕೂದಲಿನ ಬುಡ ಇಲ್ಲ. ಎಣ್ಣೆ ಸುರಿಸುವ ಗ್ರಂಥಿಗಳೂ ಸಾಮಾನ್ಯವಾಗಿ ಇರುವುದಿಲ್ಲ. ಕೆಲವರ ತುಟಿಯ ಮೇಲೆ ಸಣ್ಣ ಸಣ್ಣ ಹಳದಿ ಚುಕ್ಕೆಗಳಿರುತ್ತವಲ್ಲ, ಅವು ದಾರಿ ತಪ್ಪಿ ಅಲ್ಲಿಗೆ ಬಂದ ಎಣ್ಣೆ ಗ್ರಂಥಿಗಳೇ, ಅವುಗಳಿಂದ ಏನೂ ತೊಂದರೆ ಇಲ್ಲ, ಹೆದರಿಕೊಂಡು ಹಿಸುಕಲು ಹೋಗಬೇಡಿ. ಅಂತೂ ಮುಖದ ಬೇರೆ ಭಾಗ ತನಗೆ ಬೇಕಾದ ಎಣ್ಣೆಯನ್ನು ತಾನೇ ಮಾಡಿಕೊಳ್ಳುತ್ತದೆ, ತುಟಿಗೆ ಆ ಅನುಕೂಲ ಇಲ್ಲ. ಗಾಳಿ ಒಣಗಿದ ತಕ್ಷಣ ಒಳಗಿನ ತೇವ ಸರಸರ ಹಾರಿಹೋಗುತ್ತದೆ.

ಇನ್ನು ಸಕ್ಕರೆ. ಉಪ್ಪು, ಕಾಫಿ ಪುಡಿ ಎಲ್ಲ ಬಿಟ್ಟು ಸಕ್ಕರೆಯೇ ಯಾಕೆ? ಅದು ಕರಗುತ್ತದೆ, ಅದಕ್ಕೆ. ಸಕ್ಕರೆಯ ಹರಳು ಎಣ್ಣೆಯಲ್ಲಿ ಕರಗುವುದಿಲ್ಲ, ಹಾಗಾಗಿ ಬಟ್ಟಲಲ್ಲಿ ಇರುವಷ್ಟು ಹೊತ್ತು ತರಿತರಿಯಾಗಿಯೇ ಇರುತ್ತದೆ. ಒದ್ದೆ ತುಟಿಗೆ ತಾಗಿದ ಮೇಲೆ ಅಂಚು ಕರಗುತ್ತಾ ಹೋಗುತ್ತದೆ, ನಾವು ಉಜ್ಜುತ್ತಾ ಇದ್ದ ಹಾಗೆ ಹರಳು ಚಿಕ್ಕದಾಗುತ್ತಾ, ಮೆತ್ತಗಾಗುತ್ತಾ ಬಂದು, ಕೊನೆಗೆ ಉಜ್ಜಲು ಏನೂ ಉಳಿಯುವುದಿಲ್ಲ. ಇನ್ನು ಸಾಕು ಅಂತ ಸಕ್ಕರೆಯೇ ಹೇಳಿಬಿಡುತ್ತದೆ. ಕಾಫಿ ಪುಡಿ ಹಾಗಲ್ಲ. ಎಷ್ಟು ಉಜ್ಜಿದರೂ ಕರಗುವುದಿಲ್ಲ, ಬಿರುಕಿನೊಳಗೆ ಹೋಗಿ ಕೂರುತ್ತದೆ. ಉಪ್ಪು ಕರಗುತ್ತದೆ, ನಿಜ, ಆದರೆ ಒಡೆದ ತುಟಿಗೆ ಉಪ್ಪು ತಾಗಿದರೆ ಏನಾಗುತ್ತದೆ ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಸಕ್ಕರೆಯ ಹರಳು ದಪ್ಪಗಿದ್ದರೆ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ನಿಲ್ಲಿಸಿಬಿಡಿ. ಜಾಸ್ತಿ ತಿರುಗಿಸಿದರೆ ಹಿಟ್ಟಾಗುತ್ತದೆ, ಆಮೇಲೆ ಅದು ಸ್ಕ್ರಬ್ ಅಲ್ಲ, ಸಿಹಿ ಎಣ್ಣೆ. ಎರಡು ಬೆರಳ ನಡುವೆ ತಿಕ್ಕಿ ನೋಡಿದಾಗ ತರಿ ಗೊತ್ತಾಗಬೇಕು, ಚುಚ್ಚಬಾರದು.

ಎಣ್ಣೆ ಯಾವುದಾದರೂ ನಡೆಯುತ್ತದೆ. ಬಾದಾಮಿ ಎಣ್ಣೆ, ಆಲಿವ್ ಎಣ್ಣೆ, ಮನೆಯಲ್ಲಿ ಯಾವುದಿದೆಯೋ ಅದು. ನಾನು ಕೊಬ್ಬರಿ ಎಣ್ಣೆ ಹಾಕಿದ್ದಕ್ಕೆ ಕಾರಣ ಚಳಿಯೇ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಅದಕ್ಕಿಂತ ತಣ್ಣಗಿರುವ ಕೋಣೆಯಲ್ಲಿ ಗಟ್ಟಿಯಾಗಿ ಇರುತ್ತದೆ. ಗಟ್ಟಿ ಎಣ್ಣೆಗೆ ಸಕ್ಕರೆ ಕಲಸಿದರೆ ತಳಕ್ಕೆ ಇಳಿಯುವುದಿಲ್ಲ, ಬೆರಳಲ್ಲಿ ತೆಗೆದರೆ ಸೋರುವುದಿಲ್ಲ, ತುಟಿಯ ಬಿಸಿಗೆ ಕರಗುತ್ತದೆ. ಸೆಕೆಗಾಲದಲ್ಲಿ ಈ ಅನುಕೂಲ ಇರುವುದಿಲ್ಲ, ಆಗ ಎಣ್ಣೆ ಸ್ವಲ್ಪ ಕಡಿಮೆ ಹಾಕಬೇಕು.

ಜೇನುತುಪ್ಪ ಬೇಕೇ ಬೇಕು ಅಂತೇನಿಲ್ಲ. ಅದು ತೇವವನ್ನು ಎಳೆದು ಹಿಡಿದುಕೊಳ್ಳುತ್ತದೆ, ಮಿಶ್ರಣ ಚದುರದ ಹಾಗೆ ಅಂಟಿಸುತ್ತದೆ, ಅಷ್ಟು ಮಾತ್ರ. ಜಾಸ್ತಿ ಹಾಕಿದರೆ ಅಂಟಂಟಾಗಿ ಉಜ್ಜುವುದೇ ಕಷ್ಟ. ಪರಾಗಕ್ಕೆ, ಜೇನಿನ ಪದಾರ್ಥಗಳಿಗೆ ಅಲರ್ಜಿ ಇರುವವರು ಬಿಟ್ಟುಬಿಡಬಹುದು. ಮನೆಯಲ್ಲಿ ಒಂದು ವರ್ಷದೊಳಗಿನ ಮಗು ಇದ್ದರೆ ಅದರ ತುಟಿ ಎಷ್ಟೇ ಒಣಗಿರಲಿ, ಜೇನುತುಪ್ಪ ತಾಗಿಸಲೇಬೇಡಿ. ಅದರಲ್ಲಿ ಇರಬಹುದಾದ ಬ್ಯಾಕ್ಟೀರಿಯಾದ ಬೀಜಾಣುಗಳಿಂದ ಕೂಸುಗಳಿಗೆ ಬಾಟುಲಿಸಂ ಅನ್ನುವ ಅಪಾಯದ ಕಾಯಿಲೆ ಬರಬಹುದು. ಅಷ್ಟು ಚಿಕ್ಕ ಮಕ್ಕಳಿಗೆ ಸ್ಕ್ರಬ್ ಅಂತೂ ಯಾವ ಥರದ್ದೂ ಬೇಡ.

ಉಜ್ಜುವ ವಿಷಯ. ಮೊದಲು ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯನ್ನು ಒಂದೆರಡು ನಿಮಿಷ ತುಟಿಯ ಮೇಲೆ ಇಟ್ಟುಕೊಂಡೆ. ಸಿಪ್ಪೆ ನೆನೆದು ಮೆತ್ತಗಾಗುತ್ತದೆ, ಅರ್ಧ ಕೆಲಸ ಅಲ್ಲೇ ಆಯಿತು. ನಿಜ ಹೇಳಬೇಕಂದರೆ ಎಷ್ಟೋ ಸಲ ಈ ಒದ್ದೆ ಬಟ್ಟೆಯಿಂದ ಸುಮ್ನೆ ಒಂದು ಸಲ ಒರೆಸಿದರೇ ಸಾಕಾಗಿರುತ್ತದೆ, ಸ್ಕ್ರಬ್ ಮಾಡುವ ಅಗತ್ಯವೇ ಇರುವುದಿಲ್ಲ. ಆಮೇಲೆ ಉಂಗುರದ ಬೆರಳಲ್ಲಿ ಸ್ವಲ್ಪ ತೆಗೆದುಕೊಂಡು, ಅರ್ಧ ನಿಮಿಷ, ತೀರಾ ಹಗುರವಾಗಿ ಸುತ್ತಿಸಿದೆ. ಉಂಗುರದ ಬೆರಳು ಯಾಕಂದರೆ ಅದರಲ್ಲಿ ಒತ್ತುವ ಬಲ ಕಡಿಮೆ. ತೋರುಬೆರಳು ಕೊಟ್ಟರೆ ಗೊತ್ತಿಲ್ಲದೆಯೇ ಜೋರು ಹಾಕುತ್ತೇವೆ. ಬಿಟ್ಟು ಬಂದ ಸಿಪ್ಪೆ ಬರಲಿ, ಅಂಟಿಕೊಂಡಿರುವುದನ್ನು ಬಿಟ್ಟುಬಿಡಬೇಕು. ಹಲ್ಲಲ್ಲಿ ಕಚ್ಚಿ ಎಳೆದರೆ ಒಳಗಿನ ಹಸಿ ಚರ್ಮದ ಸಮೇತ ಕಿತ್ತು ಬಂದು ರಕ್ತ ಜಿನುಗುತ್ತದೆ.

ತೊಳೆದು, ಒತ್ತಿ ಒರೆಸಿ, ಇನ್ನೂ ಸ್ವಲ್ಪ ತೇವ ಇದ್ದಾಗಲೇ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಹಚ್ಚಿದೆ. ಇದನ್ನು ಬಿಟ್ಟರೆ ಮೊದಲು ಮಾಡಿದ್ದೆಲ್ಲ ದಂಡ. ಸಿಪ್ಪೆ ತೆಗೆದ ತುಟಿ ಮೊದಲಿಗಿಂತ ಬರಿದಾಗಿರುತ್ತದೆ, ಹಾಗೇ ಬಿಟ್ಟರೆ ಸಂಜೆಯೊಳಗೆ ಮತ್ತೆ ಒಣಗುತ್ತದೆ. ಪೆಟ್ರೋಲಿಯಂ ಜೆಲ್ಲಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಫ್ಯಾಷನ್ ಅಂತೂ ಇಲ್ಲವೇ ಇಲ್ಲ, ಆದರೆ ತೇವ ಹಾರಿಹೋಗದಂತೆ ಮುಚ್ಚಿಡುವುದರಲ್ಲಿ ಬರೀ ಎಣ್ಣೆಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ಅದರ ಹುಟ್ಟೂ ಮಜವಾಗಿದೆ. ಅಮೆರಿಕದ ಪೆನ್ಸಿಲ್ವೇನಿಯಾದ ಎಣ್ಣೆ ಬಾವಿಗಳಲ್ಲಿ ಪಂಪಿನ ಸರಳುಗಳಿಗೆ ಮೇಣದಂಥ ಒಂದು ಕಪ್ಪು ಜಿಡ್ಡು ಮೆತ್ತಿಕೊಳ್ಳುತ್ತಿತ್ತಂತೆ. ಕೆಲಸಗಾರರಿಗೆ ಅದು ದೊಡ್ಡ ಕಾಟ, ಆದರೆ ಕೈ ಸುಟ್ಟರೆ, ಕುಯ್ದರೆ ಅದನ್ನೇ ಸವರಿಕೊಳ್ಳುತ್ತಿದ್ದರು. ರಾಬರ್ಟ್ ಚೀಸ್‌ಬ್ರೋ ಅನ್ನುವ ರಸಾಯನಶಾಸ್ತ್ರ ಬಲ್ಲವನು ಅದನ್ನು ಶುದ್ಧ ಮಾಡಿ 1872ರಲ್ಲಿ ವ್ಯಾಸಲೀನ್ ಅಂತ ಪೇಟೆಂಟ್ ಪಡೆದ.

ಮಧ್ಯಾಹ್ನ ತಂಗಿಯ ಫೋನ್. ತುಟಿಗೆ ಸ್ಕ್ರಬ್ ಮಾಡಿದೆ ಅಂದೆ, ಶುರುವಾಯಿತು.

"ಅಕ್ಕಾ, ಸಕ್ಕರೆಗೆ ನಿಂಬೆರಸ ಹಾಕಿ ಉಜ್ಜಿದರೆ ತುಟಿಯ ಕಪ್ಪು ಹೋಗುತ್ತಂತೆ, ಹೌದಾ?"

"ಬೇಡ ಕಣೇ, ಉರಿ ಬಿಟ್ಟರೆ ಇನ್ನೇನೂ ಸಿಗಲ್ಲ."

"ಎಲ್ಲರೂ ಹಾಕ್ತಾರಲ್ಲ ಮತ್ತೆ?"

ಹಾಕುತ್ತಾರೆ. ಆದರೆ ನಿಂಬೆರಸ ಗಟ್ಟಿ ಹುಳಿ, ಅದರ ಪಿಎಚ್ (ಹುಳಿಯ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಜಾಸ್ತಿ) 2ರ ಆಸುಪಾಸು. ನಮ್ಮ ಚರ್ಮದ್ದು ಸುಮಾರು 5. ಉಜ್ಜಿ ತೆಳುವಾದ ತುಟಿಗೆ ಅಷ್ಟು ಹುಳಿ ತಾಗಿದರೆ ಉರಿಯದೆ ಇನ್ನೇನಾಗುತ್ತದೆ? ಅದೂ ಸಾಲದು ಅಂತ, ನಿಂಬೆ ಜಾತಿಯ ಹಣ್ಣುಗಳ ರಸ ಮತ್ತು ಸಿಪ್ಪೆಯಲ್ಲಿ ಬಿಸಿಲಿನ ಜೊತೆ ಸೇರಿ ಚರ್ಮವನ್ನು ಸುಡುವ ಅಂಶಗಳಿವೆ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಏಳಬಹುದು, ಅದು ಮಾಗಿದ ಮೇಲೆ ಕಪ್ಪು ಕಲೆ ಉಳಿಯಬಹುದು. ಕಪ್ಪು ತೆಗೆಯಲು ಹೋಗಿ ಕಪ್ಪು ತಂದುಕೊಂಡ ಹಾಗೆ. ಅಡುಗೆ ಸೋಡಾ ಇದಕ್ಕೆ ಉಲ್ಟಾ, ಅದು ಕ್ಷಾರ, ಅದೂ ಚರ್ಮಕ್ಕೆ ಒಗ್ಗುವುದಿಲ್ಲ. ದಾಲ್ಚಿನ್ನಿ, ಪುದೀನಾ, ಕರ್ಪೂರ ಹಾಕಿದಾಗ ಚುಮುಚುಮು ಅನ್ನುತ್ತದಲ್ಲ, ಅದನ್ನು ಕೆಲಸ ಮಾಡುತ್ತಿದೆ ಅಂತ ಅಂದುಕೊಳ್ಳುತ್ತಾರೆ, ತುಟಿ ತುಂಬಿದ ಹಾಗೆ ಕಾಣುತ್ತದೆ ಅಂತ ಖುಷಿಯನ್ನೂ ಪಡುತ್ತಾರೆ. ತುಟಿಗೆ ಸಿಟ್ಟು ಬಂದು ಊದಿಕೊಂಡಿದೆ, ಅಷ್ಟೇ.

ತುಟಿಯ ಬಣ್ಣ ಬಹಳ ಮಟ್ಟಿಗೆ ಹುಟ್ಟಿನಿಂದ ಬಂದದ್ದು ಅಂತಲೂ ಅವಳಿಗೆ ಹೇಳಿದೆ. ಸಿಗರೇಟಿನಿಂದ, ಬಿಸಿಲಿನಿಂದ, ಕೆಲವು ಔಷಧಿಗಳಿಂದ ಗಾಢವಾಗುವುದೂ ಉಂಟು. ಸ್ಕ್ರಬ್‌ಗೂ ಅದಕ್ಕೂ ಸಂಬಂಧವಿಲ್ಲ. ದಿನಾ ಉಜ್ಜಿ ಉಜ್ಜಿ ಕೆಂಪಾಗಿಸಿದರೆ ಆ ಉರಿಯೇ ಕ್ರಮೇಣ ಕಪ್ಪು ಕಲೆ ಉಳಿಸಬಹುದು. ಹಾಗಿದ್ದರೆ ಎಷ್ಟು ದಿನಕ್ಕೊಮ್ಮೆ ಅಂದಳು. ವಾರಕ್ಕೆ ಒಂದು ಸಲ ಜಾಸ್ತಿಯೇ ಆಯಿತು, ಸಿಪ್ಪೆ ಇಲ್ಲದಿದ್ದರೆ ಅದೂ ಬೇಡ ಅಂದೆ. ಅವಳಿಗೆ ಸಮಾಧಾನವಾಗಲಿಲ್ಲ ಅಂತ ಕಾಣುತ್ತದೆ, ಮಾತು ಬದಲಿಸಿದಳು.

ಅವಳಿಗೆ ಇನ್ನೊಂದು ಚಟ, ಮಾತಿನ ನಡುವೆ ನಡುವೆ ತುಟಿಗೆ ನಾಲಿಗೆ ಸವರುವುದು. ಒಣ ತುಟಿಯ ಅರ್ಧ ಕತೆ ಇದೇ. ಸವರಿದ ಕ್ಷಣ ಹಾಯೆನಿಸುತ್ತದೆ. ಎಂಜಲು ಆರುವಾಗ ತುಟಿಯ ತೇವವನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ, ಎಂಜಲಿನಲ್ಲಿರುವ ಜೀರ್ಣಕಾರಿ ಕಿಣ್ವಗಳು ತೆಳು ಚರ್ಮವನ್ನು ಕೆಣಕುತ್ತವೆ, ಇನ್ನೂ ಒಣಗಿತು ಅಂತ ಮತ್ತೆ ಸವರುತ್ತೇವೆ, ಹೀಗೇ ಸುತ್ತುತ್ತಾ ಇರುತ್ತದೆ. ಮಕ್ಕಳಲ್ಲಿ ತುಟಿಯ ಸುತ್ತ ಕೆಂಪು ಉಂಗುರದ ಹಾಗೆ ಎದ್ದಿರುತ್ತದಲ್ಲ, ಬಹಳಷ್ಟು ಸಲ ಅದು ನಾಲಿಗೆ ತಲುಪುವಷ್ಟು ಜಾಗವೇ. ಸುಮ್ಮನೆ ಸವರಬೇಡ ಅಂದರೆ ಯಾರೂ ಬಿಡುವುದಿಲ್ಲ. ಬಾಮ್ ಕೈಗೆ ಸಿಗುವ ಹಾಗೆ ಇಟ್ಟುಕೊಂಡು, ನಾಲಿಗೆ ಹೊರಬರುವ ಮೊದಲೇ ಹಚ್ಚುವುದೊಂದೇ ದಾರಿ. ಪರಿಮಳ, ರುಚಿ ಇರುವ ಬಾಮ್ ಬೇಡ, ರುಚಿ ಇದ್ದರೆ ನಾಲಿಗೆ ಮತ್ತೆ ಹೋಗಿಯೇ ಹೋಗುತ್ತದೆ. ರಾತ್ರಿ ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವವರಿಗೂ ಬೆಳಿಗ್ಗೆ ಇದೇ ಪಾಡು, ಅವರು ಮಲಗುವಾಗ ದಪ್ಪಗೆ ಹಚ್ಚಿಕೊಳ್ಳಬೇಕು.

ಯಾವಾಗ ಸ್ಕ್ರಬ್ ಮಾಡಲೇಬಾರದು ಅನ್ನುವುದನ್ನೂ ಬರೆದುಬಿಡುತ್ತೇನೆ. ರಕ್ತ ಬರುವಷ್ಟು ಬಿರಿದಿದ್ದರೆ ಬೇಡ, ಮುಚ್ಚಿಕೊಳ್ಳುವವರೆಗೆ ಜೆಲ್ಲಿ ಮಾತ್ರ. ನೀರು ತುಂಬಿದ ಸಣ್ಣ ಗುಳ್ಳೆಗಳ ಗುಂಪು ಎದ್ದಿದ್ದರೆ ಬೇಡವೇ ಬೇಡ. ಅದು ಹರ್ಪಿಸ್ ವೈರಸ್‌ನಿಂದ ಬರುವ ಗುಳ್ಳೆ ಇರಬಹುದು, ಮುಟ್ಟಿದರೆ ಹರಡುತ್ತದೆ, ಅದ್ದಿದ ಬೆರಳಿನಿಂದ ಡಬ್ಬಿಗೂ ಹೋಗುತ್ತದೆ. ತುಟಿಯ ಮೂಲೆಗಳು ಮಾತ್ರ ಸೀಳಿ ನೋಯುತ್ತಿದ್ದರೆ ಅದು ಬರೀ ಒಣಗಿದ್ದಲ್ಲ. ಶಿಲೀಂಧ್ರವೋ ಬ್ಯಾಕ್ಟೀರಿಯಾವೋ ಸೇರಿರಬಹುದು, ಕಬ್ಬಿಣಾಂಶ ಅಥವಾ ಬಿ ವಿಟಮಿನ್ ಕೊರತೆಯೂ ಇರಬಹುದು, ಸಕ್ಕರೆ ಉಜ್ಜಿದರೆ ಹೋಗುವಂಥದ್ದಲ್ಲ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹೆಚ್ಚೂಕಡಿಮೆ ಎಲ್ಲರಿಗೂ ತುಟಿ ಒಣಗುತ್ತದೆ, ಅವರೂ ಉಜ್ಜಬಾರದು. ಕೆಳತುಟಿಯ ಮೇಲೆ ಒಂದೇ ಜಾಗದಲ್ಲಿ ಒರಟು ಪೊರೆ ಎದ್ದು ವಾರಗಟ್ಟಲೆ ಹೋಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ, ವರ್ಷಗಳ ಬಿಸಿಲಿನಿಂದ ಬರುವ ಅಂಥ ಕಲೆ ಕೆಲವೊಮ್ಮೆ ಕ್ಯಾನ್ಸರ್‌ಗೆ ತಿರುಗುತ್ತದೆ. ಹಗಲು ಹೊರಗೆ ತಿರುಗುವವರು ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ಕಾಪಾಡುತ್ತದೆ ಅನ್ನುವ ಅಳತೆ) 30 ಇರುವ ಬಾಮ್ ಹಚ್ಚಿಕೊಳ್ಳುವುದು ಒಳ್ಳೆಯದು ಅನ್ನುವುದು ಇದಕ್ಕೇ.

ಪೆಟ್ರೋಲಿಯಂ ಜೆಲ್ಲಿ ಇಷ್ಟವಿಲ್ಲದವರು ಬಾಮ್ ಕೂಡ ಮನೆಯಲ್ಲೇ ಮಾಡಬಹುದು. ಒಂದು ಪಾಲು ಜೇನುಮೇಣ, ಮೂರರಿಂದ ನಾಲ್ಕು ಪಾಲು ಎಣ್ಣೆ. ಮೇಣ ಕರಗಲು 62ರಿಂದ 65 ಡಿಗ್ರಿ ಬೇಕು, ನೇರ ಉರಿಯ ಮೇಲೆ ಇಡದೆ ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಿ, ಚಿಕ್ಕ ಡಬ್ಬಿಗೆ ಸುರಿದು ಆರಲು ಬಿಟ್ಟರೆ ಮುಗಿಯಿತು. ಗಟ್ಟಿಯಾಯಿತು ಅನ್ನಿಸಿದರೆ ಮತ್ತೆ ಕರಗಿಸಿ ಎಣ್ಣೆ ಸೇರಿಸಬಹುದು.

ಸ್ಕ್ರಬ್ ಅನ್ನು ಮಾತ್ರ ಬೇಕಾದಷ್ಟೇ ಮಾಡಿಕೊಳ್ಳುವುದು ವಾಸಿ. ಎಣ್ಣೆ ಸಕ್ಕರೆ ಮಾತ್ರ ಇದ್ದಾಗ ಬೇಗ ಕೆಡುವುದಿಲ್ಲ, ಆದರೆ ಬಚ್ಚಲಲ್ಲಿಟ್ಟು ಒದ್ದೆ ಬೆರಳು ಅದ್ದುತ್ತಾ ಇದ್ದರೆ ನೀರು ಸೇರಿ ಹಾಳಾಗುತ್ತದೆ. ಇವತ್ತಿನದು ಒಂದು ಚಮಚದಷ್ಟು ಮಿಕ್ಕಿತ್ತು, ಎರಡೂ ಮೊಣಕೈಗೆ ತಿಕ್ಕಿಕೊಂಡೆ. ಅಲ್ಲಿನ ಚರ್ಮ ದಪ್ಪ, ಸ್ವಲ್ಪ ಜೋರಾಗಿ ಉಜ್ಜಿದರೂ ನಡೆಯುತ್ತದೆ.