ಅಕ್ಕಂಗೆ ಇಮ್ಯುನಿಟಿ ಕಮ್ಮಿ ಆಗಿಲ್ಲ
ಅಕ್ಕಂಗೆ ಲೂಪಸ್ ಅಂತ ಗೊತ್ತಾದಾಗಿಂದ ಶಿಡ್ಲಘಟ್ಟದ ನಮ್ ಮನೆಗೆ ಬಂದೋರೆಲ್ಲ ಒಂದೇ ಮಾತು, ಪಾಪ ಇಮ್ಯುನಿಟಿ ಕಮ್ಮಿ ಆಗಿದೆ, ಅಮೃತಬಳ್ಳಿ ಕಷಾಯ ಕುಡ್ಸಿ ಅಂತ. ಪ್ರೀತಿಯಿಂದಾನೇ ಹೇಳ್ತಾರೆ, ಆದ್ರೆ ವಿಷ್ಯ ಉಲ್ಟಾ ಇದೆ, ಲೂಪಸ್ ಅಂದ್ರೆ ಇಮ್ಯುನಿಟಿ ದಾರಿ ತಪ್ಪಿ ನಮ್ಮ ಮೈ ಮೇಲೇ ತಿರುಗಿಬೀಳೋ ಕಾಯಿಲೆ, ಅದಕ್ಕೇ ಓದಿ ತಿಳ್ಕೊಂಡಿದ್ದನ್ನ ಬರೀತಿದೀನಿ.

ಆಂಟಿಬಾಡಿ, ಅಂದ್ರೆ ರೋಗಾಣುಗೆ ಅಂಟ್ಕೊಂಡು ಅದನ್ನ ತಡೆಯೋ ಪ್ರೋಟೀನ್, ಅದನ್ನ ಮಾಡೋದು ಬಿ ಸೆಲ್ ಅನ್ನೋ ಬಿಳಿ ರಕ್ತಕಣಗಳು. ಆದ್ರೆ ಗಟ್ಟಿಯಾಗಿ ಅಂಟ್ಕೊಳ್ಳೋ ಒಳ್ಳೆ ಆಂಟಿಬಾಡಿ ಬೇಕಂದ್ರೆ ಟಿ ಫಾಲಿಕ್ಯುಲರ್ ಹೆಲ್ಪರ್ ಅನ್ನೋ ಸೆಲ್‌ಗಳು ಹೂಂ ಅನ್ಬೇಕು. 2000ರ ಹೊತ್ತಿಗೆ ಮನುಷ್ಯರ ಟಾನ್ಸಿಲ್ ಒಳಗೆ ಇವನ್ನ ಗುರುತು ಹಿಡಿದ್ರು. ನಮ್ಮೂರ ರೇಷ್ಮೆ ಗೂಡಿನ ಮಾರ್ಕೆಟ್ ನೋಡಿದೋರಿಗೆ ಇದು ಬೇಗ ಅರ್ಥ ಆಗುತ್ತೆ, ನೂಲು ತೆಗೆಯೋ ರೀಲರ್‌ಗಳು ಗೂಡನ್ನ ಕೈಲಿ ಹಿಡ್ದು, ಒತ್ತಿ, ಅಲ್ಲಾಡ್ಸಿ ನೋಡಿ ಆಮೇಲೆ ರೇಟ್ ಹಾಕೋದಲ್ವಾ, ಹಂಗೇ ಲಿಂಫ್ ಗ್ರಂಥಿ ಒಳಗೆ ಬಿ ಸೆಲ್‌ಗಳು ತಮ್ಮ ಆಂಟಿಬಾಡಿ ಜೀನನ್ನ ಸ್ವಲ್ಪ ಸ್ವಲ್ಪ ಬದಲಾಯಿಸ್ಕೊಂಡು, ತಾವು ಹಿಡಿದ ವೈರಸ್ ತುಣುಕನ್ನ ತಂದು ತೋರಿಸ್ತವೆ, ಯಾವುದು ಜಾಸ್ತಿ ತಂದಿದ್ಯೋ ಅದಕ್ಕೆ ಈ ಟಿ ಸೆಲ್ ಸಿಡಿ40 ಲೈಗ್ಯಾಂಡ್, ಐಎಲ್-21 ಅನ್ನೋ ಸಿಗ್ನಲ್ ಕೊಡುತ್ತೆ. ಸಿಗದೇ ಇರೋದು ಅಲ್ಲೇ ಸಾಯುತ್ತೆ.

ಸಿಡಿ40 ಲೈಗ್ಯಾಂಡ್ ಜೀನೇ ಕೆಟ್ಟು ಹುಟ್ಟೋ ಮಕ್ಳಿದಾರೆ, ಅವರಲ್ಲಿ ಮೊದಲು ಬರೋ ಐಜಿಎಂ ಅನ್ನೋ ಆಂಟಿಬಾಡಿ ಬಿಟ್ರೆ, ಆಮೇಲೆ ಬರ್ಬೇಕಾದ ಐಜಿಜಿ ಅನ್ನೋದು ಸರಿಯಾಗಿ ಆಗಲ್ಲ, ಮೇಲಿಂದ ಮೇಲೆ ಇನ್‌ಫೆಕ್ಷನ್. ಇಮ್ಯುನಿಟಿ ಕಮ್ಮಿ ಅಂದ್ರೆ ಅದು.

ಅಕ್ಕನ ಕಥೆ ಬೇರೆ. ಲೂಪಸ್ ಇರೋ ಎಷ್ಟೋ ಜನರ ರಕ್ತದಲ್ಲಿ ಈ ಹೆಲ್ಪರ್ ತರದ ಸೆಲ್‌ಗಳು ಹೆಚ್ಚಾಗಿರ್ತವೆ, ನಮ್ಮದೇ ಡಿಎನ್‌ಎ ಮೇಲೆ ಆಂಟಿಬಾಡಿ ಮಾಡೋ ಬಿ ಸೆಲ್‌ಗೂ ಸಿಗ್ನಲ್ ಸಿಕ್ಬಿಡುತ್ತೆ, ಆ ಆಂಟಿಬಾಡಿ ಹೋಗಿ ಕಿಡ್ನೀಲಿ ಕೂತ್ಕೊಳುತ್ತೆ. ಇದಕ್ಕೆ ಬ್ರೇಕ್ ಹಾಕೋ ಫಾಲಿಕ್ಯುಲರ್ ರೆಗ್ಯುಲೇಟರಿ ಟಿ ಸೆಲ್‌ಗಳೂ ಇವೆ, 2011ರಲ್ಲಿ ಗೊತ್ತಾಗಿದ್ದು. ಇವುಗಳ ದೊಡ್ಡ ಬಳಗ ರೆಗ್ಯುಲೇಟರಿ ಟಿ ಸೆಲ್, ಅದನ್ನ ಕಂಡುಹಿಡಿದ ಸಕಾಗುಚಿ, ಅದಕ್ಕೆ ಬೇಕಾದ ಮುಖ್ಯ ಜೀನ್ ಕಂಡುಹಿಡಿದ ಬ್ರಂಕೋ, ರಾಮ್ಸ್‌ಡೆಲ್, ಈ ಮೂವರು ವಿಜ್ಞಾನಿಗಳಿಗೂ 2025ರ ನೊಬೆಲ್ ಬಂತು. ಆ ಸುದ್ದಿ ಓದಿದ ದಿನ ನಂಗೆ ನಿಜಕ್ಕೂ ಕಣ್ ತುಂಬಿತ್ತು.

ಡಾಕ್ಟ್ರು ಅಮೃತಬಳ್ಳಿ ಬೇಡ್ವೇ ಬೇಡ ಅಂದಿದಾರೆ, ಕೆಲವ್ರಿಗೆ ಅದ್ರಿಂದ ಲಿವರ್‌ಗೆ ಪೆಟ್ಟು ಬಿದ್ದಿದೆಯಂತೆ. ಲೂಪಸ್ ಹತೋಟಿಲಿಡೋ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ, ಕಣ್ಣಿನ ಚೆಕಪ್, ಯೂರಿನ್ ಪ್ರೋಟೀನ್ ಟೆಸ್ಟು, ಇವು ಮಾತ್ರ ತಪ್ಪಿಸ್ಬಾರ್ದು. ಮೊನ್ನೆ ಪಕ್ಕದ್ಮನೆ ಆಂಟಿ ಕಷಾಯ ತಂದಾಗ ಗೂಡಿನ ಲೆಕ್ಕದಲ್ಲೇ ಹೇಳ್ದೆ, ಪೂರ್ತಿ ಕೇಳಿಸ್ಕೊಂಡ್ರು, ಲೋಟ ವಾಪಸ್ ತಗೊಂಡು ಹೋಗಿ ಅಕ್ಕಂಗೆ ಬಿಸಿ ಮುದ್ದೆ, ಬಸ್ಸಾರು ಕಳ್ಸಿದ್ರು.