ಸರ್ ಹೇಳಿದ ಮೇಲೆ ಸರ್‌ದೇ ಸಹಿ

ಈ ಮಂಗಳವಾರ ಪಾಲು ವಿಭಾಗದ ದಾವೆಯೊಂದರಲ್ಲಿ ಪ್ರತಿವಾದಿಯ ಲಿಖಿತ ಹೇಳಿಕೆಯನ್ನು ಮಂಗಳೂರಿನ ನಮ್ಮ ವಕೀಲಿ ಕಚೇರಿಯಿಂದ ಇ-ಫೈಲಿಂಗ್ ಮೂಲಕ ಸಲ್ಲಿಸಬೇಕಾಗಿತ್ತು. ಹಿಂದಿನ ರಾತ್ರಿಯೇ ಕರಡನ್ನು ತಿದ್ದಿ ಒಪ್ಪಿದ್ದ ಸೀನಿಯರ್ ಬೆಳಗ್ಗೆ ಬೇರೊಂದು ಪ್ರಕರಣಕ್ಕಾಗಿ ಉಡುಪಿಗೆ ಹೋಗಿದ್ದರು. ಫೋನ್ ಮಾಡಿದರೆ, “ಟೋಕನ್ ಡ್ರಾಯರಿನಲ್ಲಿ ಉಂಟು, ಪಿನ್ ಅದಕ್ಕೇ ಅಂಟಿಸಿದ್ದೇನೆ, ಹಾಕಿಬಿಡಿ” ಎಂದರು. ಟೋಕನ್ ಎಂದರೆ ಅವರ ವಿದ್ಯುನ್ಮಾನ ಸಹಿಯನ್ನು ಹೊತ್ತ, ಪೆನ್‌ಡ್ರೈವಿನಂಥ ಸಾಧನ. ನಾನು ಹಿಂದೆ ಮುಂದೆ ನೋಡುತ್ತಿದ್ದಂತೆ ಗುಮಾಸ್ತರು ಟೋಕನನ್ನು ಕಂಪ್ಯೂಟರಿಗೆ ಸಿಕ್ಕಿಸುತ್ತಾ, “ಸರ್ ಹೇಳಿದ ಮೇಲೆ ಅದು ಸರ್‌ದೇ ಸಹಿ ಅಲ್ವಾ ಮೇಡಂ?” ಎಂದು ಕೇಳಿದರು.

ಅವರು ತಿಳಿಯದೆ ಆಡುವವರಲ್ಲ. ಕೋರ್ಟ್ ಫೀಸಿನ ಲೆಕ್ಕದಲ್ಲಾಗಲಿ, ಕೋರ್ಟಿನ ಕಚೇರಿ ಎತ್ತುವ ಆಕ್ಷೇಪಣೆಗಳನ್ನು ಮೊದಲೇ ಊಹಿಸುವುದರಲ್ಲಾಗಲಿ ನಾನು ಇಂದಿಗೂ ಅವರ ವಿದ್ಯಾರ್ಥಿನಿ. ಆದ್ದರಿಂದಲೇ ಆ ಪ್ರಶ್ನೆ ವಾರವಿಡೀ ನನ್ನನ್ನು ಬಿಡಲಿಲ್ಲ.

ಸರ್ ಹೇಳಿದ ಮೇಲೆ ಸರ್‌ದೇ ಸಹಿಯೆ? 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 5ನೇ ಕಲಮು ವಿದ್ಯುನ್ಮಾನ ಸಹಿಗೆ ಕೈಯಾರೆ ಮಾಡಿದ ಸಹಿಯ ಮಾನ್ಯತೆಯನ್ನೇ ನೀಡುತ್ತದೆ. ಆದರೆ ಅದು ಸುರಕ್ಷಿತ ಸಹಿ ಎನಿಸಿಕೊಳ್ಳಬೇಕಾದರೆ, ಸಹಿಯನ್ನು ಮೂಡಿಸುವ ಖಾಸಗಿ ಕೀಲಿ, ಅಂದರೆ ಟೋಕನಿನೊಳಗಿನ ಗುಪ್ತ ಸಂಕೇತ, ಆ ಕ್ಷಣದಲ್ಲಿ ಸಹಿದಾರನೊಬ್ಬನದೇ ಹತೋಟಿಯಲ್ಲಿ ಇರಬೇಕು ಎನ್ನುತ್ತದೆ 15ನೇ ಕಲಮು; ಆ ಕೀಲಿಯನ್ನು ತನ್ನ ಹತೋಟಿಯಲ್ಲಿ ಕಾಪಾಡಿಕೊಳ್ಳುವ ಹೊಣೆಯನ್ನು 42ನೇ ಕಲಮು ಸಹಿಯ ಪ್ರಮಾಣಪತ್ರ ಪಡೆದವನ ಮೇಲೆಯೇ ಹೊರಿಸುತ್ತದೆ. ಅಂಥ ಸಹಿಯನ್ನು, ವಿರುದ್ಧವಾಗಿ ಸಾಬೀತಾಗುವವರೆಗೆ, ಅವನೇ ದಾಖಲೆಯನ್ನು ಒಪ್ಪುವ ಉದ್ದೇಶದಿಂದ ಹಾಕಿದನೆಂದು ಭಾರತೀಯ ಸಾಕ್ಷ್ಯ ಅಧಿನಿಯಮ ಭಾವಿಸಿಕೊಳ್ಳುತ್ತದೆ. ಕಾಗದದ ಸಹಿಯಾದರೆ ಬರಹದ ಓರೆಕೋರೆ ನೋಡಿ ತಕರಾರು ತೆಗೆಯಬಹುದು. ಇಲ್ಲಿ ಗುಂಡಿ ಒತ್ತಿದ ಬೆರಳು ಯಾರದಾದರೂ ಮೂಡುವ ಸಹಿ ಒಂದೇ. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಹಿಡಿದುಕೊಡುವ ಈ ವ್ಯವಸ್ಥೆಗೆ ಕುರ್ಚಿಯಲ್ಲಿ ಕುಳಿತವರು ಬದಲಾದದ್ದು ಗೊತ್ತೇ ಆಗುವುದಿಲ್ಲ.

ಟೋಕನ್ ಬೇಡ, ಆಧಾರ್ ಇ-ಸಹಿಯಾದರೆ ಒಟಿಪಿ ಅವರ ಮೊಬೈಲಿಗೇ ಹೋಗುತ್ತದೆ ಎಂದು ನಾನು ಪಟ್ಟು ಹಿಡಿದೆ. ಒಟಿಪಿ ಹೋಯಿತು, ಸೀನಿಯರ್ ಉಡುಪಿಯಿಂದಲೇ ಆರು ಅಂಕಿಗಳನ್ನು ಫೋನಿನಲ್ಲಿ ಓದಿ ಹೇಳಿದರು, ಗುಮಾಸ್ತರು ಟೈಪು ಮಾಡಿ ನನ್ನ ಮುಖ ನೋಡಿ ನಕ್ಕರು. ಬ್ಯಾಂಕಿನವರೆಂದು ಹೇಳಿಕೊಂಡು ಕರೆ ಮಾಡುವವರಿಗೆ ಒಟಿಪಿ ಕೊಡಬೇಡಿ ಎಂದು ಕಕ್ಷಿದಾರರಿಗೆಲ್ಲ ಬುದ್ಧಿ ಹೇಳುವವರು ಇದೇ ಸೀನಿಯರ್. ಪಾಟೀಸವಾಲಿನಲ್ಲಿ “ಈ ಸಹಿ ನಿಮ್ಮದೇ? ಓದಿಯೇ ಮಾಡಿದಿರಾ?” ಎಂದು ಸಾಕ್ಷಿಯ ಬೆವರಿಳಿಸುವವರೂ ಇವರೇ.

ಗುರುವಾರ ಅವರೊಡನೆ ವಿಷಯವೆತ್ತಿದಾಗ, “ನನಗೆ ನಮ್ಮ ಗುಮಾಸ್ತರ ಮೇಲೆ ನಂಬಿಕೆ ಉಂಟು” ಎಂದರು. ಆ ನಂಬಿಕೆಯ ಭಾರ ಬೀಳುವುದು ಮಾತ್ರ ನಂಬಿದವರಿಗಿಂತ ಹೆಚ್ಚಾಗಿ ನಂಬಿಸಿಕೊಂಡವರ ಮೇಲೆ. ಇನ್ನೊಬ್ಬರ ವಿದ್ಯುನ್ಮಾನ ಸಹಿಯನ್ನು ಅಪ್ರಾಮಾಣಿಕವಾಗಿ ಬಳಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸವಿದೆ. ನಾಳೆ ಯಾವುದೋ ದಾಖಲೆಯ ಬಗ್ಗೆ ವಿವಾದವೆದ್ದರೆ, “ಸರ್ ಹೇಳಿದ್ದರು” ಎಂಬುದಕ್ಕೆ ಗುಮಾಸ್ತರ ಬಳಿ ಒಂದು ಚೀಟಿಯೂ ಇರುವುದಿಲ್ಲ. ಇದನ್ನು ವಿವರಿಸಿದ ಮೇಲೆ ಸೀನಿಯರ್ ನಿಜಕ್ಕೂ ಗಂಭೀರರಾದರು. ಗುಮಾಸ್ತರನ್ನು ಒಳಗೆ ಕರೆದು, “ಇವರು ಹೇಳುವುದು ಸರಿ ಉಂಟು, ಇವತ್ತೇ ಪಿನ್ ಬದಲಾಯಿಸಿಬಿಡಿ” ಎಂದರು. ಗುಮಾಸ್ತರು ಬಾಗಿಲು ದಾಟುವಷ್ಟರಲ್ಲಿ ಸೀನಿಯರ್ ಇನ್ನೊಂದು ಮಾತು ಸೇರಿಸಿದರು: “ಹೊಸತು ಎಂಥದೂಂತ ನನಗೂ ಒಮ್ಮೆ ಹೇಳಿ.”